ನಾಲ್ಕು ತಿಂಗಳು ಖೂನಿ ಬಿಟ್ಟದ್ದು

ನನ್ನ ಕನ್ನಡಕದ ಕಡ್ಡಿ ಕಳಚಿ ಬೀಳಬಹುದಿತ್ತು. ಹೋದ ದಸರೆಯಿಂದ ಅದು ಒಂದು ದಾರದ ಭರವಸೆಯ ಮೇಲೆ ನಿಂತಿದೆ. ಅವ್ವನಿಗೆ ಓದಿ ಹೇಳಬೇಕಾದ ಕಥೆಯ ಹಾಳೆಗಳು ಹಿಂದುಮುಂದಾಗಿ, ಕಳ್ಳ ಮೊದಲು ಸಿಕ್ಕು ಕಳವು ಆಮೇಲೆ ಆಗಬಹುದಿತ್ತು. ಪಕ್ಕದ ಮನೆಯ ಧನಪಾಲ ಕಾಕಾ ತಮ್ಮ ಎಮ್ಮೆಯ ಸುದ್ದಿ ಹೇಳಲು ಬಂದು ಕಟ್ಟೆಯ ಮೇಲೆ ಕೂತುಬಿಡಬಹುದಿತ್ತು. ಕಾಕಾ ಕೂತರೆ ಎಮ್ಮೆ ಈದು, ಕರು ದೊಡ್ಡದಾಗುವತನಕ ಏಳುವುದಿಲ್ಲ. ಅವ್ವನಿಗೆ ಮೊಣಕಾಲು ಹಿಡಿಯಬಹುದಿತ್ತು. ಮೊಣಕಾಲು ಹಿಡಿಯದಿದ್ದರೂ ಹಿಡಿದಿದೆ ಅಂತ ಹೇಳಿ ಒಳಗೆ ಹೋಗಿ ಮಲಗಬಹುದಿತ್ತು. ಎರಡನೇ ಸಾಲಿಗೇ ತೂಕಡಿಸಬಹುದಿತ್ತು. ಅಳಬಹುದಿತ್ತು. ಅವ್ವ ಅತ್ತರೆ ಏನು ಮಾಡಬೇಕು ಅನ್ನುವುದು ಐವತ್ತು ದಾಟಿದರೂ ನನಗೆ ಗೊತ್ತಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಪೂರ್ತಿ ಕೇಳಿ "ಛಲೋ ಐತಿ" ಅಂದುಬಿಡಬಹುದಿತ್ತು. ನಮ್ಮ ಮನೆಯಲ್ಲಿ ಛಲೋ ಐತಿ ಅಂದರೆ ಸಾಕು ಮುಗಿಸು ಅಂತ ಅರ್ಥ. ಹೊಸ ಬೀಗರ ಮನೆಯ ಉಪ್ಪಿಟ್ಟಿಗೆ ಅನ್ನುವ ಮಾತು ಅದು.

ಇದಿಷ್ಟೂ ನಾನು ಆ ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತ ಮಾಡಿಕೊಂಡ ಚಿಂತೆ. ಮುಖ ತೊಳೆಯುವಾಗ ಮಾಡಿಕೊಂಡದ್ದು ಬೇರೆ ಇದೆ, ಅದನ್ನು ಬಿಡುತ್ತೇನೆ. ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದೊಂದು ಸಣ್ಣದು, ನನ್ನ ಯಾವ ಚಿಂತೆಯ ಬುಟ್ಟಿಯಲ್ಲೂ ಇಲ್ಲದ್ದು. ಅದನ್ನು ಈಗಲೇ ಹೇಳುವುದಿಲ್ಲ. ಹೊಟ್ಟೆಪಾಡಿನ ಚಾಳಿ, ತಪ್ಪು ತಿಳಿಯಬೇಡಿ. ನಾನು ಪತ್ತೇದಾರಿ ಕಾದಂಬರಿ ಬರೆಯುವವನು.

ಹೊಟ್ಟೆಪಾಡು ಅಂದದ್ದೂ ಅರ್ಧ ಸುಳ್ಳು. ಹೊಟ್ಟೆ ತುಂಬುವುದು ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ. ಅಲ್ಲಿ ನಾನು ಕಂಟ್ರೋಲರ್. ಯಾವ ಗಾಡಿ ಯಾವಾಗ ಬಂತು, ಯಾವಾಗ ಹೋಯಿತು ಬರೆದುಕೊಳ್ಳುವುದು, ಮೈಕಿನಲ್ಲಿ ಕೂಗುವುದು, ಯಾಕೆ ತಡ ಅಂತ ಕೇಳುವವರಿಂದ ಬೈಸಿಕೊಳ್ಳುವುದು. ಇವುಗಳ ಸಂದಿಯಲ್ಲಿ ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತೇನೆ. ದೊಡ್ಡ ಊರಿನ ಪತ್ತೇದಾರಿ ಲೇಖಕರಿಗೆ ಪೊಲೀಸ್ ಅಧಿಕಾರಿಗಳ ಸ್ನೇಹ ಇರುತ್ತದಂತೆ, ಡಾಕ್ಟರುಗಳು ಫೋನಿನಲ್ಲೇ ವಿಷದ ವಿವರ ಕೊಡುತ್ತಾರಂತೆ. ನಾನು ಒಮ್ಮೆ ನಮ್ಮ ಅಂಕಲಿಯ ಮೆಡಿಕಲ್ ಅಂಗಡಿಯಲ್ಲಿ, "ರುಚಿ ಇಲ್ಲದ, ವಾಸನಿ ಇಲ್ಲದ ವಿಷ ಯಾವುದೈತ್ರಿ?" ಅಂತ ಕೇಳಿದ್ದೆ. ಅಂಗಡಿಯವನು ಬಹಳ ಹೊತ್ತು ನನ್ನ ಮುಖ ನೋಡಿ, "ಅಣ್ಣಾರ, ಮನ್ಯಾಗ ಏನರ ತ್ರಾಸ ಐತೇನು?" ಅಂದ. ಆಮೇಲೆ ಒಂದು ಅಸಿಡಿಟಿ ಗುಳಿಗೆ ಕೊಟ್ಟು ಕಳಿಸಿದ. ಸಂಜೆಯೊಳಗೆ ನನ್ನ ಹೆಂಡತಿ ತ್ರಿಶಲಾಳ ತವರಿನಿಂದ, ಅಂದರೆ ರಾಯಬಾಗದಿಂದ, ಎಲ್ಲಾ ಸುಖರೂಪ ಇದ್ದೀರಲ್ಲ ಅಂತ ಫೋನು ಬಂತು.

ನಿವೃತ್ತ ಹವಾಲ್ದಾರರೊಬ್ಬರು ದಿನಾ ನಮ್ಮ ಕಂಟ್ರೋಲ್ ಕೋಣೆಯ ನೆರಳಿಗೆ ಬಂದು ಕೂಡುತ್ತಾರೆ. ಅವರನ್ನು ಕೇಳಿದರೆ ನಗುತ್ತಾರೆ. "ನಮ್ಮ ಕಡೆ ಖರೇ ಖೂನಿ ಮಾಡಿದಾಂವ ಓಡಿ ಹೋಗಂಗಿಲ್ರಿ. ತಾನ ಠಾಣೇಕ್ಕ ಬಂದು ಬಾಕಿನ ಮ್ಯಾಲ ಕುಂದರ್ತಾನ, ನೀರ ಕೇಳ್ತಾನ. ನೀವ್ ಅದಕ್ಕ ಇಪ್ಪತ್ತು ವಾರ ತಗೋತೀರಿ!"

ನನಗಿರುವ ಒಂದೇ ವಿದ್ಯೆ ಬಸ್ಸಿನ ವೇಳೆ. ನನ್ನ ಅಪರಾಧಿಗಳೆಲ್ಲ ಬಸ್ಸಿನಲ್ಲೇ ಓಡಾಡುತ್ತಾರೆ, ಬಸ್ಸು ತಪ್ಪಿದ್ದಕ್ಕೇ ಸಿಕ್ಕಿಬೀಳುತ್ತಾರೆ. ನಿಪ್ಪಾಣಿಯ ತಂಬಾಕಿನ ಗೋದಾಮಿನಲ್ಲಿ, ರಾಯಬಾಗದ ಕಬ್ಬಿನ ಗದ್ದೆಯಲ್ಲಿ, ಅಥಣಿಯ ಚಪ್ಪಲಿ ಅಂಗಡಿಯ ಹಿಂದೆ, ಎಲ್ಲ ಕಡೆ ಹೆಣ ಬೀಳಿಸಿದ್ದೇನೆ. ಒಂದು ದಿನ ಕಾಗವಾಡದ ಹಿರಿಯರೊಬ್ಬರು ಬಸ್ಸಿಳಿದು ನೆಟ್ಟಗೆ ನನ್ನ ಕಿಟಕಿಗೆ ಬಂದರು. "ಸುತ್ತ ಎಲ್ಲಾ ಊರಿಗೂ ಕೊಟ್ಟೀರಿ. ನಮ್ಮ ಕಾಗವಾಡಕ್ಕ ಇನ್ನೂ ಒಂದೂ ಖೂನಿ ಕೊಟ್ಟಿಲ್ಲಲ್ರಿ. ನಾವೇನ್ ಪಾಪ ಮಾಡೇವಿ?" ಅಂದರು. ಅನುದಾನ ತಪ್ಪಿದವರ ಮುಖ ಇತ್ತು ಅವರದು. ಮುಂದಿನ ಕಾದಂಬರಿಯಲ್ಲಿ ಎರಡು ಕೊಟ್ಟೆ.

ಬರೆಯುವಾಗ ಮಾತನ್ನು ಬಾಯಿಬಿಟ್ಟು ಆಡಿ ನೋಡುವ ಚಟ ಬೇರೆ ನನಗೆ. ಒಮ್ಮೆ ಮೈಕು ಬಂದ್ ಮಾಡುವುದು ಮರೆತಿತ್ತು. ಇಡೀ ಬಸ್ ಸ್ಟ್ಯಾಂಡು ಕೇಳಿತು: "ರಾಯಬಾಗಕ್ಕೆ ಹೋಗುವ ಗಾಡಿ ಎರಡನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ. ಹೆಣ ಎಲ್ಲಿ ಮುಚ್ಚಿಟ್ಟೀ, ಬೊಗಳು." ಶೇಂಗಾ ಮಾರುವವಳು ಬುಟ್ಟಿ ಹೊತ್ತುಕೊಂಡೇ ಬಂದು, "ಸಾಹೇಬ್ರ, ಅದು ಯಾರಿಗಿರಿ, ಡ್ರೈವರಗೇನು?" ಅಂದಳು.

ಆದರೆ ಪತ್ತೇದಾರಿ ಬರೆಯುವವನ ನಿಜವಾದ ವೈರಿ ಪೊಲೀಸನಲ್ಲ, ಕರಡು ತಿದ್ದುವವನು. ನನ್ನ ಧಾರಾವಾಹಿ ಬರುವ ವಾರಪತ್ರಿಕೆ ಬೆಂಗಳೂರಿನದು. ನಮ್ಮ ಕಡೆ ಖೂನ ಅಂದರೆ ಗುರುತು. "ಇವರ ಖೂನ ಐತೇನು?" ಅಂದರೆ ಇವರ ಪರಿಚಯ ಉಂಟೋ ಅಂತ. ಅದರ ಬಾಲಕ್ಕೆ ಒಂದು ಗುಡಿಸು ಏರಿಸಿದರೆ ಖೂನಿ, ಅಂದರೆ ಕೊಲೆ. ಒಂದು ವಾರ ನಾನು, "ಇನ್‌ಸ್ಪೆಕ್ಟರ್ ಸಂತೆಯ ನಡುವೆ ಆಕೆಯ ಖೂನ ಹಿಡಿದ" ಅಂತ ಬರೆದು ಕಳಿಸಿದ್ದೆ. ಬೆಂಗಳೂರಿನ ಯಾರೋ ಪುಣ್ಯಾತ್ಮರು ಇದೇನು ಅಪಭ್ರಂಶ ಅಂತ ತಿದ್ದಿ, "ಇನ್‌ಸ್ಪೆಕ್ಟರ್ ಸಂತೆಯ ನಡುವೆ ಆಕೆಯ ಖೂನಿ ಮಾಡಿದ" ಅಂತ ಅಚ್ಚು ಮಾಡಿದರು. ಮುಂದಿನ ವಾರ ಆಕೆ ಠಾಣೆಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಳು. ಓದುಗರು ಯಾರೂ ಏನೂ ಕೇಳಲಿಲ್ಲ, ಇದೇನೋ ದೊಡ್ಡ ತಿರುವು ಇರಬೇಕೆಂದು ಸುಮ್ಮನಾದರು. ಕೇಳಿದ್ದು ಅವ್ವ ಒಬ್ಬಳೇ. "ಅಲ್ಲೋ ಬಾಳೂ, ಹ್ವಾದ ವಾರ ಸತ್ತಾಕಿ ಈ ವಾರ ಚಾ ಕುಡ್ಯಾಕತ್ತಾಳಲ್ಲೋ. ಸಕ್ಕರಿ ಬ್ಯಾರೆ ಕೇಳ್ತಾಳ!"

ಈಗ ಅವ್ವನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತು ಹಾಕಿದ್ದು ಅಲ್ಲಿಗೆ ಹೋಗುವ ಧೈರ್ಯ ಸಾಲದೆ.

ನಮ್ಮದು ಜೈನರ ಮನೆ. ಕೊಲೆಗೂ ನಮಗೂ ಇರುವ ದೂರ ಎಷ್ಟೆಂದರೆ, ನಮ್ಮ ಮನೆಯ ಭಾಷೆಯಲ್ಲೇ ಆ ಕಡೆ ಹೋಗುವ ದಾರಿ ಮುಚ್ಚಿದೆ. ಕಾಯಿಪಲ್ಯ ಕಡಿಯುವುದಿಲ್ಲ, ಹೆಚ್ಚುತ್ತೇವೆ. ಬಳೆ ಒಡೆಯುವುದಿಲ್ಲ, ಅದೂ ಹೆಚ್ಚುತ್ತದೆ. ದೀಪ ಆರಿಸುವುದಿಲ್ಲ, ಶಾಂತ ಮಾಡುತ್ತೇವೆ. ಸಣ್ಣವನಿದ್ದಾಗ ನನ್ನ ಮೊದಲ ನೌಕರಿ ಇರುವೆ ಕಾಯುವುದು. ಅಡಿಗೆಮನೆಯ ಹೊಸ್ತಿಲಿನ ಮೇಲೆ ಇರುವೆಗಳ ಸಾಲು ಬಂದರೆ ಅವ್ವ ನನ್ನನ್ನು ಅಲ್ಲಿ ಕೂಡ್ರಿಸಿ, "ಯಾರೂ ತುಳೀದಂಗ ನೋಡ್ಕೋ" ಅನ್ನುತ್ತಿದ್ದಳು. ನಾನು ಗಂಟೆಗಟ್ಟಲೆ ಕೂತು, ಈಗ ಯಾರು ಬರುತ್ತಾರೆ, ಯಾವ ಕಾಲು ಮೊದಲು ಇಡುತ್ತಾರೆ, ಯಾವ ಇರುವೆಗೆ ಗಂಡಾಂತರ ಅಂತ ಮುಂದಾಗಿ ಚಿಂತಿಸುತ್ತಿದ್ದೆ. ನನ್ನ ಚಿಂತೆಯ ಹುಟ್ಟೂರು ಆ ಹೊಸ್ತಿಲು. ಸಾಹಿತ್ಯದ್ದೂ ಅದೇ ಇರಬೇಕು.

ಇಂಥ ಮನೆಗೆ ನಿಪ್ಪಾಣಿಯ ಸೋದರಮಾವನ ಚೀಲದಲ್ಲಿ ಒಂದು ಪತ್ತೇದಾರಿ ಪುಸ್ತಕ ಬಂತು. ಮುಖಪುಟದ ಮೇಲೆ ಚಾಕು, ಚಾಕುವಿನಿಂದ ಕೆಂಪು ಹನಿ. ನಾನದನ್ನು ಎಮ್ಮೆ ಕಟ್ಟುವ ಕೊಟ್ಟಿಗೆಯಲ್ಲಿ, ಹೊಟ್ಟಿನ ಚೀಲದ ಹಿಂದೆ ಅಡಗಿಸಿ ಓದುತ್ತಿದ್ದೆ. ಅವ್ವನಿಗೆ ಸಿಕ್ಕಿತು. ಹೊಡೆತ ಬೀಳುತ್ತದೆ ಅಂತ ಬೆನ್ನು ಗಟ್ಟಿ ಮಾಡಿಕೊಂಡು ಎರಡು ದಿನ ಓಡಾಡಿದೆ. ಮೂರನೆಯ ದಿನ ಅವ್ವ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆಯೇ ಕೇಳಿದಳು. "ಕಡೀ ಹಾಳಿ ಹರದು ಹೋಗೇತಲ್ಲೋ. ಕೊಂದಾಂವ ಆ ವಕೀಲನ ಹೌದಲ್ಲ?"

ಅಂದಿನಿಂದ ಅವ್ವ ನನ್ನ ಕೇಳುಗಾರ್ತಿ. ನಾಲ್ಕನೇ ತರಗತಿಯವರೆಗೆ ಕಲಿತಾಕೆ, ಓದಲು ಬರುತ್ತದೆ, ಆದರೆ ಓದಿಸಿ ಕೇಳುವುದೇ ಆಕೆಗೆ ರುಚಿ. ನಾನೇ ಬರೆಯಲು ಶುರುಮಾಡಿದ ಮೇಲೆ ಭಾನುವಾರ ಮಧ್ಯಾಹ್ನ ಅಂದರೆ ಅದೇ ಹಬ್ಬ. ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದರು, ಎರಡನೇ ಪುಟಕ್ಕೆ ಗೊರಕೆ. ಕೊನೆಯ ಸಾಲಿಗೆ ಸರಿಯಾಗಿ ಎಚ್ಚರಾಗಿ, "ಸಿಕ್ಕನೇನು?" ಅಂತ ಕೇಳುತ್ತಿದ್ದರು. ಅವ್ವ, "ಇನ್ನೂ ಇಲ್ಲ, ಮಲಕ್ಕೋರಿ" ಅನ್ನುತ್ತಿದ್ದಳು. ನಾನು ಮನೆಯೊಳಗೆ ಕಾಲಿಟ್ಟರೆ ಆಕೆಯ ಮೊದಲ ಮಾತು ಊಟದ್ದಲ್ಲ, "ಏನೋ, ಇವತ್ತ ಯಾರ ಹ್ವಾದ್ರು?"

ಹೋದ ಮಾಘದಲ್ಲಿ ಅಪ್ಪ ಹೋದರು. ಬೇನೆಯಿಲ್ಲ, ಬೇಸರಿಕೆಯಿಲ್ಲ. ಹೊಲದಿಂದ ಬಂದು, ಕಾಲು ತೊಳೆದು, ಪಡಸಾಲೆಯಲ್ಲಿ ಕೂತವರು ಏಳಲಿಲ್ಲ.

ಆಮೇಲಿನ ಭಾನುವಾರಗಳಲ್ಲಿ ಅವ್ವ ನನ್ನ ಕಥೆ ಕೇಳಲಿಲ್ಲ. ಸೂತಕ ಅಂತ ಮೊದಲು ನಾನೇ ಸುಮ್ಮನಿದ್ದೆ. ಸೂತಕ ಕಳೆದು, ಬೇಸಿಗೆ ಕಳೆದು, ಮೊದಲ ಮಳೆ ಬಂದರೂ ಆಕೆ ಕೇಳಲಿಲ್ಲ. ಪತ್ರಿಕೆ ಬರುತ್ತಿತ್ತು, ಗೂಡಿನಲ್ಲಿ ಒಂದರ ಮೇಲೊಂದು ಕೂಡುತ್ತಿತ್ತು. ಒಮ್ಮೆ ನಾನೇ ಬಾಯಿಬಿಟ್ಟು, "ಅವ್ವಾ, ಓದ್ಲೇನು?" ಅಂದೆ. "ಇರ್ಲಿ ತಡೀಪಾ, ಕೆಲಸೈತಿ" ಅಂದು ಎದ್ದು ಹೋದಳು. ಯಾವ ಕೆಲಸವೂ ಇರಲಿಲ್ಲ. ಹಿತ್ತಲಿಗೆ ಹೋಗಿ ಸುಮ್ಮನೆ ನಿಂತದ್ದನ್ನು ಕಿಟಕಿಯಿಂದ ನೋಡಿದೆ. ಆಕೆ ಕೇಳದಿದ್ದರೆ ನನ್ನ ಬರವಣಿಗೆಗೆ ಏನೂ ಆಗುವುದಿಲ್ಲ, ಬೆಂಗಳೂರಿನವರು ಅಚ್ಚು ಹಾಕುತ್ತಲೇ ಇರುತ್ತಾರೆ. ಆದರೆ ಬಸ್ ಸ್ಟ್ಯಾಂಡಿನಿಂದ ಮನೆಗೆ ಬಂದಾಗ ಯಾರು ಹೋದರು ಅಂತ ಕೇಳುವವರಿಲ್ಲದ ಮನೆಯಲ್ಲಿ ಚಪ್ಪಲಿ ಬಿಡುವುದೂ ಭಾರ ಅನಿಸುತ್ತಿತ್ತು. ಅಪ್ಪ ಹೋದರು, ಅವ್ವ ಇದ್ದಾಳೆ. ಆದರೆ ನನ್ನ ಜೊತೆ ನಗುತ್ತಿದ್ದ ಆ ಅವ್ವ ಎಲ್ಲಿ ಹೋದಳು ಅನ್ನುವುದು ನನ್ನ ಪತ್ತೇದಾರಿಕೆಗೆ ಸಿಗಲಿಲ್ಲ.

ಆಷಾಢದ ಹುಣ್ಣಿಮೆಯ ಹೊತ್ತಿಗೆ ನಮ್ಮೂರ ಬಸದಿಯಲ್ಲಿ ಮುನಿಮಹಾರಾಜರ ಚಾತುರ್ಮಾಸ ಶುರುವಾಯಿತು. ಮಳೆಗಾಲದ ನಾಲ್ಕು ತಿಂಗಳು ಅವರು ಒಂದೇ ಊರಲ್ಲಿ ಉಳಿಯುತ್ತಾರೆ. ಪ್ರವಚನ ಆದ ಮೇಲೆ ಮಂದಿ ಸಾಲಾಗಿ ಹೋಗಿ ಅವರ ಮುಂದೆ ಏನಾದರೂ ಒಂದನ್ನು ಬಿಡುವ ನೇಮ ತೆಗೆದುಕೊಳ್ಳುವುದು ವಾಡಿಕೆ. ನಾಲ್ಕು ತಿಂಗಳು ಒಬ್ಬರು ಸಿಹಿ ಬಿಡುತ್ತಾರೆ, ಒಬ್ಬರು ಹಾಲು, ಒಬ್ಬರು ಗುಟ್ಕಾ. ಧನಪಾಲ ಕಾಕಾ ಪ್ರತಿ ವರ್ಷ ಹಾಗಲಕಾಯಿ ಬಿಡುತ್ತಾರೆ, ಮೊದಲೇ ಅವರು ಅದನ್ನು ತಿನ್ನುವುದಿಲ್ಲ. ನಾನು ಚಹಾ ಬಿಡುವುದೋ, ಎರಡು ಹೊತ್ತಿನದನ್ನು ಒಂದು ಹೊತ್ತಿಗೆ ಇಳಿಸುವುದೋ ಅಂತ ಸಾಲಿನಲ್ಲಿ ನಿಂತು ಲೆಕ್ಕ ಹಾಕುತ್ತಿದ್ದೆ. ನಮ್ಮ ಪಾಳಿ ಬಂತು. ನಮೋಸ್ತು ಅಂದೆವು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು.

"ಇಂವಾ ನಾಕ ತಿಂಗಳ ಖೂನಿ ಬಿಡ್ತಾನ್ರಿ, ಮಹಾರಾಜ್ರ."

ನನ್ನ ಹಿಂದೆ ನಿಂತವನು ಒಂದು ಹೆಜ್ಜೆ ಹಿಂದೆ ಸರಿದ. ಅವನ ಹಿಂದಿನವನು ಎರಡು. ಮಹಾರಾಜರು ಮಾತ್ರ ಕದಲಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸಣಕಲು ಮೈ, ದಾರ ಕಟ್ಟಿದ ಕನ್ನಡಕ.

"ಇಲ್ಲೀತನಾ ಎಷ್ಟು ಮಾಡ್ಯಾನವ್ವಾ?" ಅಂತ ಶಾಂತವಾಗಿ ಕೇಳಿದರು.

"ವಾರಕ್ಕೊಂದ್ರಿ. ದೀಪಾವಳಿ ಸಂಚಿಕಿಗೆ ಎರಡ."

"ಕಥೀಯೊಳಗ್ರಿ ಮಹಾರಾಜ್ರ! ಕಾಗದದ ಮ್ಯಾಲ!" ಅಂತ ನಾನು ಹೆಚ್ಚುಕಡಿಮೆ ಕೂಗಿದೆ.

ಮಹಾರಾಜರ ಮುಖದ ಮೇಲೆ ನಗು ಬಂತು. "ಕಾಗದದ ಮ್ಯಾಲಾದ್ರೂ ಮೊದಲ ಮನಸಿನ್ಯಾಗ ಆಗಿರತೈತಲ್ಲಪಾ" ಅಂದರು. ಆಮೇಲೆ ಅವ್ವನ ಕಡೆ ತಿರುಗಿ, "ಬರೇ ಖೂನಿ ಸಾಕೋ, ಕಳವೂ ಬಿಡಸೂದೋ?" ಅಂತ ಕೇಳಿದರು.

ಅವ್ವ ಕ್ಷಣ ಯೋಚಿಸಿದಳು. "ಕಳವ ಇರ್ಲಿ ಬಿಡ್ರಿ. ಅವನೂ ಏನರ ಬರೀಬೇಕಲ್ಲ."

ನವಿಲುಗರಿಯ ಪಿಂಛಿ ನನ್ನ ತಲೆಯ ಮೇಲೆ ಆಡಿತು. ನೇಮ ಆಯಿತು. ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಪ್ರತಿಯೊಬ್ಬ ಕಂಡಕ್ಟರೂ ಕಿಟಕಿಯಲ್ಲಿ ತಲೆ ಹಾಕಿ, "ಸಾಹೇಬ್ರ, ಖೂನಿ ಬಿಟ್ಟೀರಂತಲ್ಲ, ತಬ್ಬೇತಿಗೆ ಛಲೋ ಆತ್ ಬಿಡ್ರಿ" ಅಂದು ಹೋದರು.

ಸಂಪಾದಕರಿಗೆ ಫೋನು ಮಾಡಿದೆ. ಮುಂದಿನ ಧಾರಾವಾಹಿ ಶ್ರಾವಣದಿಂದ ಶುರುವಾಗಬೇಕಿತ್ತು. ನಾನು ವಿಷಯ ಹೇಳಿದೆ.

"ಸಾರ್, ಪತ್ತೇದಾರಿ ಅಂತೀರ. ಹೆಣ ಇಲ್ಲ ಅಂತೀರ. ಏನನ್ನ ಪತ್ತೆ ಮಾಡ್ತಾರೆ ಸಾರ್?"

"ಕಳವು ಐತಲ್ರಿ."

"ಏನು ಕಳವು? ವಜ್ರಾನಾ?"

"ಇನ್ನೂ ಗೊತ್ತಿಲ್ರಿ."

"ಗಾಯಾನಾದ್ರೂ ಆಗಲಿ ಸಾರ್. ಸ್ವಲ್ಪ. ಕೋಮಾ ಥರ." ಅವರದು ಬೇಡಿಕೊಳ್ಳುವ ದನಿ. "ನಾಲ್ಕು ವಾರದ್ದು ಕಳಿಸಿ, ನೋಡೋಣ. ನಾನೇನೂ ಮಾತು ಕೊಡಲ್ಲ."

ಕೋಮಾದ ವಿಚಾರ ನನಗೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಅವ್ವ ನನ್ನ ಪಾಪಪುಣ್ಯದ ಚಿಂತೆಯಿಂದ ಈ ನೇಮ ಹಾಕಿಸಿದ್ದಾಳೆ ಅಂತಲೇ ನನ್ನ ತೀರ್ಮಾನ. ಹಿಟ್ಟಿನ ಕೋಳಿ ಮಾಡಿ ಬಲಿಕೊಟ್ಟ ರಾಜ ಎಷ್ಟೋ ಜನ್ಮ ಪ್ರಾಣಿಯಾಗಿ ಹುಟ್ಟಿ ತೊಳಲಿದ ಕಥೆಯನ್ನು ನಮ್ಮ ಅಜ್ಜಿ ಹೇಳುತ್ತಿದ್ದಳು. ಹಿಟ್ಟಿನ ಕೋಳಿಗೇ ಅಷ್ಟು ಶಿಕ್ಷೆ ಆದರೆ, ಐದು ತಾಲೂಕಿನ ತುಂಬ ಕಾಗದದ ಹೆಣ ಹರಡಿದವನ ಗತಿ ಏನು? ಮುಂದಿನ ಜನ್ಮದಲ್ಲಿ ಹಲ್ಲಿಯಾಗಿ ಇದೇ ಕಂಟ್ರೋಲ್ ಕೋಣೆಯ ಗೋಡೆಯ ಮೇಲೆ ಇರುತ್ತೇನೋ ಏನೋ ಅಂತ ಮೇಲೆ ನೋಡಿ ಜಾಗವನ್ನೂ ಗೊತ್ತು ಮಾಡಿಕೊಂಡಿದ್ದೆ.

ಒಂದು ಬೆಳಿಗ್ಗೆ ಇದನ್ನೆಲ್ಲ ತ್ರಿಶಲಾಳ ಮುಂದೆ ತೋಡಿಕೊಂಡೆ. ಅವಳು ಒಲೆಯ ಮುಂದೆ ಇದ್ದಳು. ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ನಿಮಗ ಇನ್ನೂ ತಿಳಿದಿಲ್ಲೇನ್ರಿ?" ಅಂದಳು. "ನೀವೂ ಪತ್ತೇದಾರಿ ಬರ್ಯಾವ್ರು! ಅತ್ತಿಯವ್ರಿಗೆ ನಿಮ್ಮ ಪಾಪದ ಚಿಂತಿ ಅಲ್ಲರೀ ಅದು."

"ಮತ್ತ?"

"ಉಗಾದಿಗಿಂತ ಮೊದಲ ಒಂದಿನ ತಾವ ನಿಮ್ಮ ಪುಸ್ತಕ ತಗೊಂಡು ಓದಾಕ ಕುಂತಿದ್ರು, ನೀವು ಡ್ಯೂಟಿಗೆ ಹೋಗಿದ್ರಿ. ಸ್ವಲ್ಪ ಓದಿ ಮುಚ್ಚಿಟ್ರು. ನನ್ನ ಕರದ್ರು. ಏನ್ ಅಂದ್ರು ಗೊತ್ತೇನು? 'ನಿನ್ನ ಗಂಡನ ಕಥಿಯಾಗ ಗಂಡ ಸತ್ತ ಮನ್ಯಾಗ ಹೆಂಡ್ತಿ ಚಾ ಮಾಡ್ತಾಳವ್ವಾ. ಇನ್‌ಸ್ಪೆಕ್ಟರಗ ಕೊಡ್ತಾಳ. ಎಷ್ಟೊತ್ತಿಗೆ ಹೊರಗ ಹ್ವಾದ, ಯಾವ ಅಂಗಿ ಹಾಕೊಂಡಿದ್ದ, ಎಲ್ಲಾ ಬರೋಬ್ಬರಿ ಹೇಳ್ತಾಳ. ನನಗ ನಿಮ್ಮ ಮಾವ ಆವತ್ತ ಯಾವ ಅಂಗಿ ಹಾಕೊಂಡಿದ್ರು ಅಂತ ಈಗೂ ನೆನಪಾಗವಲ್ದು.'"

ರೊಟ್ಟಿ ಉಬ್ಬಿತು. ಅವಳು ಅದನ್ನು ತೆಗೆದಿಟ್ಟು ಇನ್ನೊಂದು ಹಾಕಿದಳು. ನಾನು ಡ್ಯೂಟಿಗೆ ಹೊರಟೆ.

ಬಸ್ಸಿನಲ್ಲಿ ಕೂತು ನನ್ನ ಕಾದಂಬರಿಗಳ ವಿಧವೆಯರನ್ನು ನೆನೆಸಿಕೊಂಡೆ. ಒಬ್ಬಳೂ ಅತ್ತಿಲ್ಲ. ಅತ್ತರೂ ಅರ್ಧ ಸಾಲು. ಸೆರಗಿನಿಂದ ಕಣ್ಣೊರೆಸಿಕೊಂಡು ನೇರವಾಗಿ ಚಹಾಕ್ಕೆ ಹೋಗುತ್ತಾಳೆ. ನಮ್ಮ ಕಸುಬಿನಲ್ಲಿ ಹೆಣ ಅಂದರೆ ಒಂದು ಬೀಗ. ಬೀಗ ಹೇಗೆ ತೆಗೆಯುವುದು ಅನ್ನುವುದರ ಮೇಲೆ ಎಲ್ಲರ ಕಣ್ಣು. ಆ ಮನೆಯಲ್ಲಿ ಮರುದಿನ ಯಾರು ಒಲೆ ಹಚ್ಚಿದರು, ಹಾಸಿಗೆಯ ಆ ಬದಿ ಎಷ್ಟು ದಿನ ಖಾಲಿ ಉಳಿಯಿತು, ಗೂಟಕ್ಕೆ ತೂಗುಬಿದ್ದ ರುಮಾಲನ್ನು ಕೊನೆಗೆ ಯಾರು ತೆಗೆದರು, ಇದನ್ನು ಯಾವ ಇನ್‌ಸ್ಪೆಕ್ಟರೂ ಕೇಳುವುದಿಲ್ಲ. ಕೇಳಿದರೆ ಕಥೆ ಮುಂದೆ ಹೋಗುವುದಿಲ್ಲ. ಇಪ್ಪತ್ತು ವಾರ ಸಾಲುವುದಿಲ್ಲ. ಅವ್ವ ಇಷ್ಟು ವರ್ಷ ಆ ಬೀಗದ ಹೊರಗೆ ಕೂತು ನನ್ನ ಸಂಗಡ ನಕ್ಕಿದ್ದಳು. ಈಗ ಆ ಬಾಗಿಲಿನ ಒಳಗಡೆ ಆಕೆಯೇ ಇದ್ದಾಳೆ. ಚಿಕ್ಕೋಡಿ ಬಂದದ್ದು ಗೊತ್ತಾಗದೆ ಡಿಪೋದವರೆಗೆ ಹೋಗಿಬಿಟ್ಟೆ.

ಹೆಣವಿಲ್ಲದ ಕಥೆ ಸಿಕ್ಕದ್ದು ತೆಲಸಂಗದ ಗಾಡಿಯಿಂದ. ಮುದುಕಿಯೊಬ್ಬಳು ಬೀಸುವ ಕಲ್ಲನ್ನು ಬಸ್ಸಿನಲ್ಲಿ ಹಾಕಿಕೊಂಡು ಮಗಳ ಮನೆಗೆ ಹೊರಟಿದ್ದಳು, ಕಂಡಕ್ಟರು ಲಗೇಜು ಅಂತ ಜಗಳ ತೆಗೆದಿದ್ದ. "ಕಲ್ಲಿಗೂ ಟಿಕೀಟೇನೋ, ಕಲ್ಲು ನಿಮ್ಮಪ್ಪನ ಸೀಟಿನ್ಯಾಗ ಕುಂತೈತೇನು?" ಅಂತ ಮುದುಕಿ. ಇಬ್ಬರನ್ನೂ ಸಮಾಧಾನ ಮಾಡಿ ಕಳಿಸಿ ಬಂದು ಕುಳಿತೆ. ಬೀಸುವ ಕಲ್ಲಿಗೆ ಎರಡು ಭಾಗ, ಕೆಳಗಿನದು ಮತ್ತು ಮೇಲಿನದು. ಯಾರಾದರೂ ಮೇಲಿನ ಕಲ್ಲನ್ನು ಮಾತ್ರ ಕದ್ದರೆ? ಊರಲ್ಲಿ ಗಿರಣಿ ಇದೆ, ಹಿಟ್ಟಿಗೆ ಬರವಿಲ್ಲ. ಒಂಟಿ ಕಲ್ಲು ಯಾತಕ್ಕೂ ಬಾರದು. ಯಾತಕ್ಕೂ ಬಾರದ್ದನ್ನು ಯಾರು, ಯಾಕೆ ಕದಿಯುತ್ತಾರೆ?

ತೆಲಸಂಗದಲ್ಲಿ ಒಂದು ಮನೆ ಕಟ್ಟಿದೆ, ಕಾಗದದ ಮೇಲೆ. ಮಾತು ಬಿಟ್ಟ ಇಬ್ಬರು ವಾರಗಿತ್ತಿಯರು, ಅಂದರೆ ಅಣ್ಣತಮ್ಮಂದಿರ ಹೆಂಡಿರು. ಒಂದು ಹಿತ್ತಲು, ಎರಡು ಒಲೆ. ಅವರ ಅತ್ತೆ, ಹಣ್ಣು ಮುದುಕಿ. ಹಿತ್ತಲ ನಡುವೆ ಹಿರಿಯರ ಕಾಲದ ಬೀಸುವ ಕಲ್ಲು. ಒಂದು ಬೆಳಿಗ್ಗೆ ನೋಡಿದರೆ ಮೇಲಿನ ಕಲ್ಲಿಲ್ಲ. ನನ್ನ ಇನ್‌ಸ್ಪೆಕ್ಟರನನ್ನೂ ಕರೆಸಿದೆ. ಪಾಪ, ಹೆಣ ಇಲ್ಲದ್ದು ನೋಡಿ ಅವನೂ ಟೋಪಿ ತೆಗೆದು ತಲೆ ಕೆರೆದುಕೊಂಡ. ಆ ಮನೆಯಲ್ಲಿ ಅವನಿಗೆ ಯಾರೂ ಚಹಾ ಕೊಡದಂತೆ ನೋಡಿಕೊಂಡೆ.

ಬರೆದದ್ದನ್ನು ಸೋಮವಾರದ ಟಪಾಲಿಗೆ ಹಾಕಬೇಕು. ಅದಕ್ಕೆ ಮೊದಲು ಅವ್ವ ಕೇಳಬೇಕು. ಆದರೆ ಓದಲೇನು ಅಂತ ಕೇಳುವ ಧೈರ್ಯ ನನಗಿಲ್ಲ. ಇನ್ನೊಮ್ಮೆ ಕೆಲಸೈತಿ ಅಂದರೆ ನಾನು ಆ ಮಾತನ್ನು ಎಲ್ಲಿಡಲಿ? ಹೀಗೆ ಆ ಭಾನುವಾರ ಬಂತು. ಮುಂಜಾನೆಯಿಂದ ಜಿಟಿಜಿಟಿ ಮಳೆ, ಮೋಡ ಮುಚ್ಚಿದ್ದು ಬಿಡಲಿಲ್ಲ. ಮಧ್ಯಾಹ್ನ ಹೋಯಿತು, ನಾನು ಹಾಳೆ ಹಿಡಿದು ಮನೆಯೊಳಗೆ ಹೊರಗೆ ತಿರುಗಾಡಿದೆ. ಇಳಿಹೊತ್ತಿಗೆ ಮಳೆ ಒಂದಿಷ್ಟು ನಿಂತ ಮೇಲೆ ಹೊರಗಿನ ಕಟ್ಟೆಯ ಮೇಲೆ ಕೂತು, ತಪ್ಪು ಒಪ್ಪು ನೋಡುವವನ ಹಾಗೆ, ನನಗೆ ನಾನೇ ಸ್ವಲ್ಪ ಗಟ್ಟಿಯಾಗಿ ಓದಲು ಶುರುಮಾಡಿದೆ.

ಅವ್ವ ಒಳಗೆ ಪಡಸಾಲೆಯಲ್ಲಿ ಹೆಸರುಬೇಳೆ ಹಸನು ಮಾಡುತ್ತಿದ್ದಳು. ಮಳೆಗಾಲದಲ್ಲಿ ಹುಳ ಇರುತ್ತವೆ, ಒಂದೊಂದೇ ಕಾಳು ಸರಿಸಿ ನೋಡುತ್ತಾಳೆ. ಮೊರದ ಮೇಲೆ ಬೆರಳಾಡುವ ಸದ್ದು ನನಗೆ ಕೇಳುತ್ತಿತ್ತು. ಹಿತ್ತಲು ಓದಿದೆ, ಸದ್ದು ಇತ್ತು. ವಾರಗಿತ್ತಿಯರ ಜಗಳ ಓದಿದೆ, ಸದ್ದು ಇತ್ತು. ಬೆಳಗಾಯಿತು, ಹಿರಿಯ ಸೊಸೆ ಹಿತ್ತಲಿಗೆ ಬಂದಳು, ಕಲ್ಲಿನ ಕಡೆ ನೋಡಿದಳು.

ಮೊರದ ಸದ್ದು ನಿಂತಿತು.

"ಬರೇ ಮ್ಯಾಲಿನ ಕಲ್ಲ?" ಅವ್ವನ ದನಿ, ಒಳಗಿನಿಂದ.

"ಹೂಂ" ಅಂದೆ. ತಿರುಗಿ ನೋಡಲಿಲ್ಲ. ಹೊಸ್ತಿಲ ಇರುವೆ ಕಾಯುವವನ ಹಾಗೆ ಉಸಿರು ಹಿಡಿದು ಕೂತೆ.

"ಹಂಗಾದ್ರ ಬೀಸಾಕಂತ ಒಯ್ದಿಲ್ಲ. ಬೀಸಾವ್ರು ಎರಡೂ ಒಯ್ತಾರ. ಇದು ಬೀಸಬಾರ್ದು ಅಂತ ಒಯ್ದದ್ದು."

ನನ್ನ ಮೂರನೇ ಅಧ್ಯಾಯದ ಕೊನೆಯ ಸಾಲು ಅದಾಗಿತ್ತು. ಇನ್‌ಸ್ಪೆಕ್ಟರನ ಬಾಯಲ್ಲಿ, ಎರಡು ರಾತ್ರಿ ನಿದ್ದೆಗೆಟ್ಟು ಇಟ್ಟಿದ್ದೆ. ಹೊಟ್ಟೆ ಉರಿಯಿತು. ಇಷ್ಟು ಸುಖವಾಗಿ ನನ್ನ ಹೊಟ್ಟೆ ಹಿಂದೆಂದೂ ಉರಿದದ್ದಿಲ್ಲ.

"ಯಾಕ ನಿಂತ್ತಿ? ಮುಂದ ಓದ."

ಓದಿದೆ. ಅವ್ವ ಮೊರ ಹಿಡಿದುಕೊಂಡೇ ಹೊಸ್ತಿಲಿಗೆ ಬಂದಳು. ಆಮೇಲೆ ಮೊರ ಅಲ್ಲೇ ಬಿಟ್ಟು ಕಟ್ಟೆಗೆ ಬಂದು, ಗೋಡೆಗೆ ಒರಗಿ ಕಾಲು ಚಾಚಿದಳು. "ಸಣ್ಣ ಸೊಸೀನ ಮ್ಯಾಲ ಸಂಶೇ ಬರೂಹಂಗ ಬರದಿ, ಅಂದ್ರ ಆಕಿ ಅಲ್ಲ" ಅಂದಳು. "ಗಿರಣಿಯಾವನೂ ಅಲ್ಲ, ಅಂವಾ ನಿನ್ನಂಗ ಅಂಜುಬುರುಕ" ಅಂದಳು. ಇನ್‌ಸ್ಪೆಕ್ಟರ್ ಬಾವಿಯಲ್ಲಿ ಹುಡುಕಲು ಇಳಿದಾಗ, "ಮಳಿಗಾಲದಾಗ ಬಾವಿಗೆ ಇಳಸ್ತಿಯಲ್ಲೋ, ಅಂವಗೂ ಮನಿಮಾರು ಐತಿಲ್ಲೋ?" ಅಂತ ನನ್ನನ್ನೇ ಬೈದಳು. ತ್ರಿಶಲಾ ಏನೋ ಹೇಳಲು ಸೌಟು ಹಿಡಿದುಕೊಂಡು ಬಂದವಳು ಬಾಗಿಲ ಚೌಕಟ್ಟಿಗೆ ಒರಗಿ ಅಲ್ಲೇ ನಿಂತಳು.

ಒಂದು ವಾರದ್ದು ಓದಿ ನಿಲ್ಲಿಸುವುದು ನನ್ನ ವಿಚಾರವಾಗಿತ್ತು. ನಿಂತಾಗಲೆಲ್ಲ ಅವ್ವ "ಮುಂದ" ಅಂದಳು. ಬರೆದಷ್ಟನ್ನೂ ಓದಿದೆ. ಕೊನೆಯ ಹಾಳೆಯಲ್ಲಿ, ಕಲ್ಲಿಲ್ಲದ ಆ ಹಿತ್ತಲಿನಲ್ಲಿ ಇಬ್ಬರು ವಾರಗಿತ್ತಿಯರು ಎದುರುಬದುರು ನಿಂತು, ಎಷ್ಟೋ ವರ್ಷದ ಮೇಲೆ ಮೊದಲ ಸಲ ಒಬ್ಬರನ್ನೊಬ್ಬರು, "ನೀ ನೋಡಿದೇನು?" ಅಂತ ಕೇಳುತ್ತಾರೆ.

ಅವ್ವ ನಕ್ಕಳು. ಬಾಯಿ ಮುಚ್ಚಿ, ಭುಜ ಅಲುಗಾಡಿಸಿ, ಮೊದಲಿನ ನಗು. "ಮುದುಕಿ! ಆ ಮುದುಕೀನ ಕದ್ದಾಳ. ಇಬ್ಬರೂ ಮಾತಾಡ್ಲಿ ಅಂತ. ಹೌದಲ್ಲೋ? ಖರೇ ಹೇಳ."

ನಾನು ಏನೂ ಹೇಳುವ ಮೊದಲೇ ತ್ರಿಶಲಾ ಅಂಗಳದ ಕಡೆ ನೋಡಿ, "ಅಯ್ಯ, ನಮ್ಮವ್ವಾ! ಹೊತ್ತ ಮುಳಗೇತಲ್ರಿ!" ಅಂದಳು. ಕೈಯಲ್ಲಿ ಸೌಟು ಹಾಗೇ ಇತ್ತು. ಅವಳು ಕರೆಯಲು ಬಂದದ್ದೇ ಊಟಕ್ಕೆ.

ಹೊತ್ತು ಮುಳುಗಿದ ಮೇಲೆ ಅವ್ವ ಉಣ್ಣುವುದಿಲ್ಲ, ನೀರೂ ಮುಟ್ಟುವುದಿಲ್ಲ. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ನಡೆಸಿಕೊಂಡು ಬಂದದ್ದು. ಮದುವೆ ಮುಂಜಿ, ಊರು ಪರವೂರು, ಎಲ್ಲಿದ್ದರೂ ಅದಕ್ಕೆ ಮೊದಲೇ ಆಕೆಯ ಊಟ ಆಗಿರುತ್ತದೆ. ಇವತ್ತು ಮೋಡದಲ್ಲಿ ಸೂರ್ಯ ಯಾವಾಗ ಇದ್ದ, ಯಾವಾಗ ಹೋದ ಯಾರಿಗೂ ಗೊತ್ತಾಗಿರಲಿಲ್ಲ. ನಾನು ಹಾಳೆ ಚೆಲ್ಲಿ ಎದ್ದೆ. ಹಸಿವು, ಸಂಕಟ, ರಾತ್ರಿಯ ಬಿ.ಪಿ. ಗುಳಿಗೆ, ನೀರಿಲ್ಲದೆ ಅದನ್ನು ಹೇಗೆ ನುಂಗುತ್ತಾಳೆ, ಡಾಕ್ಟರು ಭಾನುವಾರ ಸಿಗುತ್ತಾರೋ ಇಲ್ಲೋ, ಎಲ್ಲಾ ಒಟ್ಟಿಗೆ ತಲೆಗೆ ನುಗ್ಗಿತು.

ಅವ್ವ ಪಡುವಣ ದಿಕ್ಕಿಗೆ ಒಮ್ಮೆ ನೋಡಿದಳು. ಅಲ್ಲಿ ಬೂದಿ ಬಣ್ಣ ಬಿಟ್ಟು ಏನೂ ಇರಲಿಲ್ಲ. ಆಮೇಲೆ ಕಟ್ಟೆಯ ಮೇಲೆ ಚೆಲ್ಲಿದ್ದ ಹಾಳೆಗಳನ್ನು ಒಂದೊಂದೇ ಕೂಡಿಸಿ ನನ್ನ ಕೈಗೆ ಕೊಟ್ಟಳು.

"ಗುಳಿಗಿ ಮುಂಜಾನೆದ್ದೋ, ನಿನಗ್ಯಾರ ರಾತ್ರೀದು ಅಂದ್ರು? ಕುಂದರು. ಉಣ್ಣೂದು ನಾಳೆನೂ ಐತಿ. ಆ ಮುದುಕಿ ಅಷ್ಟು ದೊಡ್ಡ ಕಲ್ಲ ಎಲ್ಲಿ ಇಟ್ಟಾಳ, ಮೊದಲ ಅದನ್ನ ಹೇಳ."

"ಇನ್ನೂ ಬರದಿಲ್ಲವ್ವಾ."

"ಬರದಿಲ್ಲ? ಹಸಗೊಂಡು ಕುಂತೇನಿ, ಬರದಿಲ್ಲ ಅಂತಾನ ನೋಡ ತ್ರಿಶಲಾ!"

ಆ ಭಾನುವಾರ ಕೆಟ್ಟದ್ದೆಂದರೆ ಇಷ್ಟೇ. ಎರಡು ರೊಟ್ಟಿ, ಒಂದು ಬಟ್ಟಲು ಹೆಸರುಬೇಳೆಯ ಸಾರು. ಅವ್ವನ ಒಂದು ಹೊತ್ತಿನ ಊಟ ತಪ್ಪಿತು.